ಅರ್ಧ ಮಿಲಿಮೀಟರ್

ಇವತ್ತು ನೋಡಿದ್ದು ಒಂದು ಹಸುಗೂಸಿನ ಎಂಆರ್‌ಐ ಸ್ಕ್ಯಾನ್.
ಹಾಲು ಕುಡಿದು, ಬಟ್ಟೆ ಸುತ್ತಿಸಿಕೊಂಡು ನಿದ್ದೆ ಹೋದ ಮಗು. ಚಲನೆಯ ಗ್ರಾಫ್ ಬಹಳ ಹೊತ್ತು ನೆಟ್ಟಗಿತ್ತು. ಇದ್ದಕ್ಕಿದ್ದಂತೆ ಒಂದು ಚೂಪು ಮೊನೆ. ನಿದ್ದೆಯಲ್ಲೇ ತುಟಿ ಚೀಪಿರಬೇಕು, ಪುಣ್ಯಾತ್ಮ!

ತಲೆ ಸರಿದದ್ದು ಅರ್ಧ ಮಿಲಿಮೀಟರ್.

ತಂತ್ರಾಂಶ ಚಿತ್ರವನ್ನು ಸರಿಸಿ, ತಿರುಗಿಸಿ ಮತ್ತೆ ಹೊಂದಿಸುತ್ತದೆ. ಆದರೂ ಕಲೆ ಉಳಿಯುತ್ತದೆ. ಸ್ಕ್ಯಾನ್ ಎಂದರೆ ಒಂದರ ಹಿಂದೊಂದು ತೆಗೆದ ಚಿತ್ರಗಳ ಸಾಲು; ಅಲುಗಿದ ಹೊತ್ತಿನ ಚಿತ್ರಗಳನ್ನೇ, ಅಂದರೆ ಆ ಫ್ರೇಮ್‌ಗಳನ್ನೇ, ಕಿತ್ತುಹಾಕಬೇಕು. ಹಾಗೇ ಬಿಟ್ಟರೆ ಮಿದುಳಿನ ಹತ್ತಿರದ ಭಾಗಗಳ ನಂಟು, ಅಂದರೆ ಅವುಗಳ ಚಟುವಟಿಕೆ ಒಟ್ಟೊಟ್ಟಿಗೆ ಏರಿಳಿಯುವುದು, ಬಿಗಿಯಾಗಿ, ದೂರದ ಭಾಗಗಳದ್ದು ಸಡಿಲವಾಗಿ ಕಾಣುತ್ತದೆ. ಮಿದುಳಿನ ಬೆಳವಣಿಗೆ ಎಂದುಕೊಂಡಿದ್ದರಲ್ಲಿ ಒಂದಿಷ್ಟು ಬರೀ ಅಲುಗಾಟ ಎಂದು 2012ರಲ್ಲಿ ಗೊತ್ತಾಗಿ ಸಂಶೋಧಕರು ತಲೆ ಕೆರೆದುಕೊಂಡಿದ್ದರು.

ಕಿತ್ತುಹಾಕುವಾಗೆಲ್ಲ ನನಗೊಂದು ಅನುಮಾನ: ಅಲುಗದವರ ಸ್ಕ್ಯಾನ್ ಮಾತ್ರ ಉಳಿಸಿಕೊಳ್ಳುತ್ತಾ ಹೋದರೆ, ನಾವು ಅಳೆಯುತ್ತಿರುವುದು ಮಕ್ಕಳ ಮಿದುಳನ್ನೋ, ಗಾಢ ನಿದ್ದೆಯ ಮಕ್ಕಳ ಮಿದುಳನ್ನೋ?