ಬ್ಯಾಡ್ಜ್ ನೋಡಿ ಜಿಟಿಒ ಅನ್ಬೇಡಿ

ಹಳೇ ಅಮೆರಿಕನ್ ಮಸಲ್ ಕಾರು, ಅಂದರೆ ದೊಡ್ಡ ಎಂಜಿನ್ನಿನ ಜೋರು ಕಾರು, ತಗೊಳ್ಳುವವರಿಗೆ ನಾನು ಹೇಳೋದು ಒಂದೇ. ರೇಟು ಮಾತಾಡುವ ಮೊದಲು ಕಾಗದ ಕೇಳಿ. ಬಣ್ಣ, ಬ್ಯಾಡ್ಜ್, ಸೀಟು ಎಲ್ಲ ಆಮೇಲೆ.

ಟೆಕ್ಸಾಸ್‌ನಲ್ಲಿರುವ ನನ್ನ ಸೋದರತ್ತೆ ಮಗ ಒಂದು ಕಾರಿನ ಫೋಟೊ ಕಳಿಸಿದ್ದ. 1965ರ ಪಾಂಟಿಯಾಕ್ ಜಿಟಿಒ, ಕೆಂಪು ಬಣ್ಣ, ಬಾನೆಟ್ ಎತ್ತಿದರೆ ಸಾಲಾಗಿ ಮೂರು ಕಾರ್ಬ್ಯುರೇಟರ್ (ಎಂಜಿನ್ನಿಗೆ ಪೆಟ್ರೋಲು, ಗಾಳಿ ಬೆರೆಸಿ ಕೊಡುವ ಭಾಗ). "ಭಾವ, ಇದು ಒರಿಜಿನಲ್ ಹೌದಾ ನೋಡು ಮಾರಾಯ" ಅಂದ. ಶಿರಸಿಯಲ್ಲಿ ಕೂತು ಫೋಟೊದಲ್ಲಿ ಏನು ನೋಡೋದು? ಆ ಬ್ಯಾಡ್ಜು, ಗ್ರಿಲ್ಲು, ಮೂರು ಕಾರ್ಬ್ಯುರೇಟರ್ ಎಲ್ಲವೂ ಅಲ್ಲಿ ದುಡ್ಡು ಕೊಟ್ಟರೆ ಸಿಗುತ್ತವೆ. ಪಾಂಟಿಯಾಕ್‌ನದೇ ಸಾದಾ ಲೆಮಾನ್ಸ್ ಕಾರಿಗೆ ಅವನ್ನು ಕೂರಿಸಿದರೆ ಹೊರಗಿನಿಂದ ಯಾರಿಗೂ ಗೊತ್ತಾಗಲ್ಲ.

ಇದಕ್ಕೆ ಕಾರಣ ಕಂಪನಿಯಲ್ಲೇ ಇದೆ. ಆಗ ಪಾಂಟಿಯಾಕ್‌ನ ಒಡೆಯರಾದ ಜನರಲ್ ಮೋಟರ್ಸ್‌ನಲ್ಲಿ ಒಂದು ನಿಯಮ ಇತ್ತು, ಮಧ್ಯಮ ಗಾತ್ರದ ಕಾರಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಎಂಜಿನ್ ಹಾಕುವಂತಿಲ್ಲ ಅಂತ. ಪಾಂಟಿಯಾಕ್‌ನ ಚೀಫ್ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವರ ತಂಡದವರು 389 ಇಂಚಿನ ಎಂಜಿನ್ ಹಾಕಿದರು, ಆದರೆ ಅದನ್ನು ಹೊಸ ಮಾಡೆಲ್ ಅಂತ ಕರೆಯದೆ 1964ರಲ್ಲಿ ಲೆಮಾನ್ಸ್ ಕಾರಿನ ಒಂದು ಆಪ್ಷನ್, ಅಂದರೆ ಬೇಕಾದವರು ಹೆಚ್ಚು ದುಡ್ಡು ಕೊಟ್ಟು ಸೇರಿಸಿಕೊಳ್ಳುವಂಥದ್ದು, ಅಂತ ತೋರಿಸಿದರು. ಹಾಗಾಗಿ 1965ರಲ್ಲೂ ಲೆಮಾನ್ಸ್ ಇರಲಿ, ಜಿಟಿಒ ಇರಲಿ, ಬಾಗಿಲ ಕಂಬದ ಮೇಲಿನ ಚಾಸಿ ನಂಬರು ಶುರುವಾಗೋದು 237ರಿಂದಲೇ. 1966ರಿಂದ ಜಿಟಿಒ ಪ್ರತ್ಯೇಕ ಮಾಡೆಲ್ ಆಯ್ತು, ನಂಬರು 242ರಿಂದ ಶುರು. ಅದನ್ನು ನೋಡೋದು ಕ್ಷಣದ ಕೆಲಸ. 65ರದ್ದು ಹಾಗಲ್ಲ.

ನಮ್ಮ ಕಡೆಯೂ ಈ ತಲೆಬಿಸಿ ಇದೆ. 1983ರಿಂದ 89ರವರೆಗೆ ಎಸ್ಕಾರ್ಟ್ಸ್‌ನವರು ತಯಾರಿಸಿದ ರಾಜದೂತ್ 350 ಬೈಕು ಗೊತ್ತಲ್ವಾ? ಅದರಲ್ಲಿ ಎರಡು ಬಗೆ, ಹೈ ಟಾರ್ಕ್ ಆದರೆ 30.5 ಬಿಎಚ್‌ಪಿ, ಲೋ ಟಾರ್ಕ್ ಆದರೆ 27. ಹೈ ಟಾರ್ಕಿಗೆ ಬೆಲೆ ಜಾಸ್ತಿ. ನಮ್ಮ ಶಿರಸಿಯ ಕೆಎ-31 ನಂಬರಿದೆ, ಪೇಂಟ್ ಹೊಳೀತಿದೆ ಅಂತ ಸುಮ್ನೆ ದುಡ್ಡು ಕೊಡಬೇಡಿ, ಮೊದಲು ಫ್ರೇಮಿನ ಮೇಲೆ ಪಂಚ್ ಮಾಡಿದ ನಂಬರನ್ನು ಆರ್‌ಸಿ ಜೊತೆ ತಾಳೆ ನೋಡಿ. ತೋಟ ಕೊಳ್ಳುವಾಗ ಬೇಲಿ ನೋಡಿ ಅಡ್ವಾನ್ಸ್ ಕೊಡ್ತೀವಾ? ಪಹಣಿ ನೋಡ್ತೀವಿ.

ಪಾಂಟಿಯಾಕ್‌ಗೂ ಪಹಣಿಯಂಥದ್ದೇ ಒಂದಿದೆ, ಅದು ನಿಜವಾಗಲೂ ದೊಡ್ಡ ಪುಣ್ಯ. ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್‌ನವರ ಹತ್ತಿರ ಆ ಕಾಲದ ಫ್ಯಾಕ್ಟರಿ ಬಿಲ್ಲಿಂಗ್ ದಾಖಲೆಗಳು ಉಳಿದಿವೆ. ಕಾರಿನ ಚಾಸಿ ನಂಬರು ಮತ್ತು ಶುಲ್ಕ ಕೊಟ್ಟರೆ ಪ್ರತಿ ಕಳಿಸ್ತಾರೆ. ಫ್ಯಾಕ್ಟರಿಯಿಂದ ಅದು ಜಿಟಿಒ ಆಗಿಯೇ ಹೊರಟಿತ್ತಾ, ಯಾವ್ಯಾವ ಆಪ್ಷನ್ ಇತ್ತು ಅನ್ನೋದು ಅದರಲ್ಲಿರುತ್ತೆ. ಎಂಜಿನ್ನಿನ ನಂಬರೂ ಇರುತ್ತೆ, ಇದು ತುಂಬಾ ಮುಖ್ಯ, ಯಾಕಂದ್ರೆ 1968ಕ್ಕಿಂತ ಹಿಂದಿನ ಪಾಂಟಿಯಾಕ್ ಎಂಜಿನ್ ಮೇಲೆ ಕಾರಿನ ಚಾಸಿ ನಂಬರು ಹೊಡೀತಿರಲಿಲ್ಲ, ಎಂಜಿನ್ ಅದೇ ಕಾರಿನದ್ದಾ ಅಂತ ಈ ಕಾಗದ ನೋಡಿಯೇ ತಾಳೆ ಹಾಕಬೇಕು.

ಇನ್ನೊಂದು ಫೋಟೊ ಕೇಳಿದೆ. ಎಂಜಿನ್ ಬ್ಲಾಕಿನ ಮುಂಭಾಗ, ಬಲಗಡೆ, ಹೆಡ್ಡಿನ ಕೆಳಗೆ ಎರಡು ಅಕ್ಷರದ ಕೋಡ್ ಇರುತ್ತೆ. ಎಣ್ಣೆ ಜಿಡ್ಡು ಒರೆಸಿ, ಟಾರ್ಚ್ ಹಿಡಿದು ತೆಗೀಬೇಕು. ಮ್ಯಾನ್ಯುವಲ್ ಗೇರಿನ 65ರ ಜಿಟಿಒದಲ್ಲಿ ಡಬ್ಲ್ಯುಎಸ್ ಅಂತಿದ್ದರೆ ಮೂರು ಕಾರ್ಬ್ಯುರೇಟರಿನ 360 ಹಾರ್ಸ್‌ಪವರ್ ಎಂಜಿನ್. ಡಬ್ಲ್ಯುಟಿ ಅಂತಿದ್ದರೆ ನಾಲ್ಕು ಬ್ಯಾರೆಲ್‌ನ (ಗಾಳಿ ಎಳೆಯುವ ನಾಲ್ಕು ಬಾಯಿಯ) ಒಂದೇ ಕಾರ್ಬ್ಯುರೇಟರ್, 335 ಹಾರ್ಸ್‌ಪವರ್. ಅಕ್ಷರದ ಸುತ್ತ ಗ್ರೈಂಡರ್ ಹೊಡೆದ ಗುರುತಿದ್ದರೆ ಅಲ್ಲೇ ನಿಲ್ಲಿ, ಅದನ್ನು ತಿಕ್ಕಿ ಹೊಸದಾಗಿ ಪಂಚ್ ಮಾಡುವವರೂ ಇದ್ದಾರೆ.

ಅವನು ನೋಡಿದ ಕಾರಿನಲ್ಲಿ ಇದ್ದದ್ದು ಡಬ್ಲ್ಯುಟಿ. ಕಾಗದವೂ ಬಂತು. ಕಾರು ನಿಜವಾದ ಜಿಟಿಒ, ಎಂಜಿನ್ನೂ ಅದರದ್ದೇ, ನಂಬರು ಸರಿಯಾಗಿ ಕೂತಿದೆ. ನನಗಂತೂ ಬಹಳ ಖುಷಿಯಾಯ್ತು. ಆದರೆ ಮೂರು ಕಾರ್ಬ್ಯುರೇಟರ್ ಆಮೇಲೆ ಯಾರೋ ಹಾಕಿಸಿದ್ದು, ಮಾರುವವರು ಕೇಳ್ತಿರೋದು ಫ್ಯಾಕ್ಟರಿಯಲ್ಲೇ ಮೂರು ಇದ್ದ ಕಾರಿನ ರೇಟು. ಹೀಗೆ ಹಾಕಿಸೋದು ತಪ್ಪಲ್ಲ. ಲೆಮಾನ್ಸನ್ನು ಜಿಟಿಒ ಥರ ಮಾಡಿ ಪ್ರೀತಿಯಿಂದ ಓಡಿಸುವವರ ಮೇಲೂ ನನಗೆ ಬೇಸರವಿಲ್ಲ, ಮಾರುವಾಗ ಅದನ್ನು ಬಾಯಿಬಿಟ್ಟು ಹೇಳಬೇಕು ಅಷ್ಟೇ.

335ರ ಕಾರಿನ ರೇಟಿಗೇ ಕೇಳು, ಕಾಗದ ಅವರ ಮುಂದಿಡು ಅಂದೆ. ಹಾಗೇ ಕೇಳಿದ್ದಾನೆ. ಅವರು ಇನ್ನೂ ಹೌದು ಅಂದಿಲ್ಲ.