ಕಾರವಾರದಿಂದ ದುಬೈಗೆ, ನಡುವೆ ನಾಲ್ಕು ಡಯಾಲಿಸಿಸ್

ವಾರಕ್ಕೆ ಮೂರು ಬಾರಿ, ಒಮ್ಮೆಗೆ 4 ಗಂಟೆಯಂತೆ, ಮೂತ್ರಪಿಂಡದ ಬದಲು ರಕ್ತ ಸೋಸುವ ಡಯಾಲಿಸಿಸ್ ಯಂತ್ರದ ಪಕ್ಕ ಮಲಗುವ ನನ್ನಂಥವನಿಗೆ ಕಾಳಿ ಸೇತುವೆ ದಾಟಿ ಗೋವಾಕ್ಕೆ ಹೋಗಿಬರುವುದೇ ದೊಡ್ಡ ಪ್ರವಾಸವಾಗಿತ್ತು; ಹಾಗಿರುವಾಗ ಮಗಳು 10 ದಿನಗಳ ಮಟ್ಟಿಗಾದರೂ ದುಬೈಗೆ ಬರಲೇಬೇಕೆಂದು ಹಟ ಹಿಡಿದಳು.

ವಿಮಾನದ ಟಿಕೆಟಿಗಿಂತ ಮೊದಲು ಕಾದಿರಿಸಬೇಕಾದದ್ದು ಅಲ್ಲಿನ ಡಯಾಲಿಸಿಸ್ ಹಾಸಿಗೆಯನ್ನು ಎಂಬುದು ನನಗೆ ತಡವಾಗಿ ತಿಳಿಯಿತು. ಮೊದಲು ಕೇಳಿದ ಕೇಂದ್ರವು ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಪರೀಕ್ಷೆಗಳ ವರದಿ ಹಳೆಯದಾಯಿತೆಂದು ಒಂದೇ ಸಾಲಿನಲ್ಲಿ ನಿರಾಕರಿಸಿತು. ನಿಯಮ ಸರಿಯಾದದ್ದೇ, ಮೊದಲ ಪತ್ರದಲ್ಲೇ ಹೇಳಬಹುದಿತ್ತು, ಅಷ್ಟೆ. ಬಳಿಕ ಹೊಸ ವರದಿಗಳ ಜೊತೆಗೆ ನನ್ನ ಡ್ರೈ ವೇಟ್ (ಮೈಯಲ್ಲಿ ಹೆಚ್ಚುವರಿ ನೀರಿಲ್ಲದಾಗಿನ ತೂಕ), ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಪ್ರಮಾಣ, ರಕ್ತ ಸೋಸುವ ಡಯಲೈಜರಿನ ಬಗೆ, ಹಿಂದಿನ ಮೂರು ಸರದಿಗಳ ದಾಖಲೆ ಇವನ್ನೆಲ್ಲ ವೈದ್ಯರ ಸಹಿಯೊಂದಿಗೆ ಬೇರೊಂದು ಕೇಂದ್ರಕ್ಕೆ ಕಳುಹಿಸಿದ ಮೇಲೆ ನಾಲ್ಕು ಸರದಿಗಳು ನಿಶ್ಚಯವಾದವು.

ಹೊರಡುವ ಹಿಂದಿನ ದಿನ ಇಲ್ಲಿ ಡಯಾಲಿಸಿಸ್ ಮುಗಿಸಿ, ಔಷಧಗಳನ್ನು ಕೈಚೀಲದಲ್ಲೇ ಇಟ್ಟುಕೊಂಡೆ. ಅಲ್ಲಿನ ಮಲಯಾಳಿ ನರ್ಸ್ ನನ್ನ ಎಡಗೈಯ ಫಿಸ್ಟುಲಾದ (ಡಯಾಲಿಸಿಸ್ ಸೂಜಿ ಚುಚ್ಚಲೆಂದು ರಕ್ತನಾಳಗಳನ್ನು ಜೋಡಿಸಿದ ಜಾಗ) ಮೇಲೆ ಬೆರಳಿಟ್ಟು, ಅದರ ಜುಮುಜುಮು ಕಂಪನವನ್ನು ಗಮನಿಸಿ, ಫಿಸ್ಟುಲಾದ ಕೈಯನ್ನು ಬಿಗಿಯಬಾರದೆಂದು ನಾನು ಹೇಳುವ ಮೊದಲೇ ರಕ್ತದೊತ್ತಡ ಅಳೆಯುವ ಪಟ್ಟಿಯನ್ನು ಬಲಗೈಗೆ ಸುತ್ತಿದಾಗ ನನ್ನ ಅರ್ಧ ಅಂಜಿಕೆ ಇಳಿಯಿತು.

ಕಷ್ಟವಾದದ್ದು ಬಾಯಾರಿಕೆ. ಕುಡಿದ ನೀರು ಮೈಯಲ್ಲೇ ಉಳಿದು ತೂಕ ಏರುವುದರಿಂದ, ದಿನಕ್ಕೆ ಗೊತ್ತುಪಡಿಸಿದ ನೀರನ್ನು ಬೆಳಿಗ್ಗೆಯೇ ಬಾಟಲಿಗೆ ಅಳೆದು ತುಂಬಿಕೊಳ್ಳುತ್ತಿದ್ದೆ. ಮಗಳು ಅಕ್ಕರೆಯಿಂದ ತಂದಿಟ್ಟ ಎಳನೀರು, ಖರ್ಜೂರ ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು, ಅದು ನನ್ನಂಥವರ ಹೃದಯಕ್ಕೆ ಅಪಾಯ; ಬೇಡವೆಂದಾಗ ಅವಳ ಮುಖ ಬಾಡಿತು. ಆದರೂ ಎರಡನೆಯ ಸರದಿಯ ಹೊತ್ತಿಗೆ ತೂಕ 2.8 ಕಿಲೋ ಏರಿತ್ತು. ಹಿಂದಿನ ರಾತ್ರಿಯ ಬಿರಿಯಾನಿಯ ವಿಷಯವನ್ನು ನರ್ಸ್ ಕೇಳಲಿಲ್ಲ, ನಾನೂ ಹೇಳಲಿಲ್ಲ.