ಅಪ್ಪನ ಕೆಲಸ ಮಕ್ಕಳ ಕಣ್ಣಿಗೆ ಬೀಳಬೇಕು

ಅಪ್ಪ ಮನೆಯಲ್ಲಿ ಹೇಗಿರುತ್ತಾರೆ ಅಂತ ಎಲ್ಲ ಮಕ್ಕಳಿಗೂ ಗೊತ್ತು. ದುಡ್ಡಿನ ವಿಷಯ ಬಂದಾಗ, ಕೈಕೆಳಗಿನವರು ಎದುರು ನಿಂತಾಗ ಹೇಗಿರುತ್ತಾರೆ ಅನ್ನೋದು ಎಷ್ಟು ಮಕ್ಕಳಿಗೆ ಗೊತ್ತು? ನನಗೆ ಗೊತ್ತಿತ್ತು. ಅದು ನನ್ನ ಪುಣ್ಯ ಅಂತಲೇ ನಂಬಿದ್ದೇನೆ.

ನಮ್ಮಪ್ಪ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದರು. ನವೆಂಬರ್ ಬಂತೆಂದರೆ ಅರೇಬಿಕಾ ಕಾಫಿಯ ಕೊಯ್ಲು, ಅದರ ಬೆನ್ನಿಗೇ ಇನ್ನೊಂದು ಜಾತಿ ರೊಬಸ್ಟಾ. ಸಂಜೆಯಾದರೆ ಕಣದ ಹತ್ತಿರ ತೂಕ. ಶಾಲೆಯಿಂದ ಬಂದವಳು ಚೀಲ ಬಿಸಾಕಿ ಸೀದಾ ಅಲ್ಲಿಗೇ ಓಡುತ್ತಿದ್ದೆ.

ಕೊಯ್ಲಿನವರಿಗೆ ಕೆಜಿ ಲೆಕ್ಕದಲ್ಲಿ ಕೂಲಿ. ಅಪ್ಪ ಮೊದಲು ಖಾಲಿ ಗೋಣಿಚೀಲ ತೂಗುತ್ತಿದ್ದರು. ಇಬ್ಬನಿಯಲ್ಲಿ ನೆಂದ ಚೀಲ ಜಾಸ್ತಿ ತೂಗುತ್ತದೆ, ಒಣಗಿದ್ದು ಕಡಿಮೆ. ಚೀಲದ ತೂಕ ಎಷ್ಟೋ ಅಷ್ಟೇ ಕಳೆಯುವುದು. ಹಣ್ಣು ತುಂಬಿದ ಚೀಲ ತಕ್ಕಡಿಗೆ ನೇತುಹಾಕಿದರೆ ಮುಳ್ಳು ನಿಲ್ಲುವವರೆಗೂ ಬಾಯಿ ಬಿಡುತ್ತಿರಲಿಲ್ಲ. ನಿಂತ ಮೇಲೆ ಎಲ್ಲರಿಗೂ ಕೇಳುವ ಹಾಗೆ ಕೂಗಿ, ಆಮೇಲೆ ಬರೆಯುವುದು. ಅರ್ಧ ಕೆಜಿ ಇದ್ದರೆ ಅದೂ ಪುಸ್ತಕಕ್ಕೆ ಹೋಗುತ್ತಿತ್ತು. ಅರೇಬಿಕಾ ಒಟ್ಟಿಗೇ ಹಣ್ಣಾಗಲ್ಲ. ಕೆಂಪಗಾದದ್ದನ್ನಷ್ಟೇ ಆರಿಸಿ ಕೀಳಬೇಕು, ಅದೇ ಗಿಡಕ್ಕೆ ಮತ್ತೆ ಮತ್ತೆ ಬರಬೇಕು. ಅರ್ಧ ಕೆಜಿ ಆಗಬೇಕಾದರೆ 250–300 ಹಣ್ಣು ಬೇಕು. ಇಳಿಜಾರಿನಲ್ಲಿ ನಿಂತು ಅಷ್ಟು ಕಿತ್ತವರಿಗೆ ಅದು ಸಣ್ಣ ತೂಕ ಅಲ್ಲ.

ಹಾಗಂತ ಸಾಹುಕಾರರಿಗೆ ಮೋಸ ಆಗಲೂ ಬಿಡುತ್ತಿರಲಿಲ್ಲ. ಒಮ್ಮೆ ಒಬ್ಬರ ಚೀಲದ ತಳದಲ್ಲಿ ಬರೀ ಹಸಿಕಾಯಿ. ಹಸಿಕಾಯಿ ಸೇರಿದರೆ ಹಣ್ಣು ಸುಲಿಯುವ ಪಲ್ಪರ್ ಯಂತ್ರದಲ್ಲಿ ಸಿಪ್ಪೆ ಸರಿಯಾಗಿ ಬಿಡಲ್ಲ, ಕಾಫಿಯ ರುಚಿಯೂ ಕೆಡುತ್ತದೆ. ಅಪ್ಪ ಚೀಲವನ್ನು ಟಾರ್ಪಾಲಿನ ಮೇಲೆ ಸುರಿದು, "ಆರಿಸಿ ಬಿಡಿ ಅಮ್ಮ, ಆಮೇಲೆ ತೂಗೋಣ" ಅಂದರು. ಅಷ್ಟೇ. ತಾವೂ ಕೂತು ಆರಿಸಿದರು. ಆಕೆಯ ಮಾನ ಕಳೆಯುವ ಒಂದು ಮಾತೂ ಆಡಲಿಲ್ಲ. ನಿಯತ್ತಿನ ಜೊತೆ ಈ ಮರ್ಯಾದೆಯೂ ಇರಬೇಕು ಅಲ್ವಾ? ನಿಯತ್ತಿನವರು ಅನ್ನಿಸಿಕೊಂಡ ಎಷ್ಟೋ ಜನರ ಬಾಯಿ ಎಷ್ಟು ಕೆಟ್ಟದಾಗಿರುತ್ತದೆ ಅಂತ ನೋಡಿದ್ದೇನೆ.

ಒಂದು ವರ್ಷ ಮಾಲೀಕರು, ಖಾಲಿ ಚೀಲ ಎಷ್ಟೇ ತೂಗಲಿ, ಪ್ರತಿ ಚೀಲಕ್ಕೂ 2 ಕೆಜಿ ಕಳೆದು ಬರೆಯಲು ಹೇಳಿದರು. "ನನ್ನ ಕೈಲಿ ಆಗಲ್ಲ ಸಾರ್" ಅಂದರು ಅಪ್ಪ. ಆ ಕೊಯ್ಲು ಮುಗಿಯುತ್ತಿದ್ದ ಹಾಗೆ ನಾವು ಸಕಲೇಶಪುರದ ಕಡೆ ಗಂಟುಮೂಟೆ ಕಟ್ಟಿದೆವು. ಅಮ್ಮನಿಗೆ ಕೋಳಿ, ಹೂವಿನ ಗಿಡ ಎಲ್ಲ ಬಿಟ್ಟು ಬರುವ ಸಂಕಟ. ನನಗೆ ಶಾಲೆ ಬದಲು. ಯಾಕೆ ಹೋಗುತ್ತಿದ್ದೇವೆ ಅಂತ ಯಾರೂ ನನ್ನನ್ನು ಕೂರಿಸಿಕೊಂಡು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಆ ಮಾತು ನಡೆದಾಗ ನಾನು ತಕ್ಕಡಿ ಪಕ್ಕದಲ್ಲೇ ಇದ್ದೆ.

ಈಗಿನ ಮಕ್ಕಳಿಗೆ ಇದು ಸಿಗುತ್ತಿಲ್ಲ ಅನ್ನೋದೇ ನನ್ನ ಚಿಂತೆ. ಅಪ್ಪಂದಿರು ಒಳ್ಳೆಯವರೇ. ಆದರೆ ಕೆಲಸ ಬಾಗಿಲು ಹಾಕಿದ ಕೋಣೆಯೊಳಗೆ, ಇಲ್ಲವೇ ಊರಾಚೆಯ ಆಫೀಸಿನಲ್ಲಿ. ಮಕ್ಕಳಿಗೆ ಉಳಿಯುವುದು ಊಟದ ಹೊತ್ತಿನ ಬುದ್ಧಿಮಾತು. ಸುಮ್ನೆ ಒಂದು ದಿನ ಜೊತೆಗೆ ಕರೆದುಕೊಂಡು ಹೋಗಿ. ಆಗದಿದ್ದರೆ, ಇವತ್ತು ಯಾವುದಕ್ಕೆ ಇಲ್ಲ ಅಂದಿರಿ, ಯಾಕೆ ಅಂದಿರಿ ಅಂತ ಹೇಳಿ.

ನಮ್ಮನೆಯವರದು ಕಾಳುಮೆಣಸು ಕೊಳ್ಳುವ ಅಂಗಡಿ. ದಸರಾ ರಜೆಗೆ ಮಗನನ್ನು ಅಲ್ಲೇ ಕೂರಿಸಿಕೊಳ್ಳುತ್ತೇನೆ ಅಂದಿದ್ದಾರೆ. ತೇವಾಂಶ ನೋಡುವ ಮಿಷನ್ನನ್ನು ಅವರು ಮಾರಲು ಬಂದವರಿಗೂ ಕಾಣುವ ಹಾಗೆ ತಿರುಗಿಸಿಟ್ಟಿದ್ದಾರೆ. ಮಗ ಅದನ್ನು ನೋಡಲಿ.